ಸುಗಂಧದ್ರವ್ಯಗಳಲ್ಲಿ ಕಾಫಿ: ಸಿಹಿಯ ನೆರಳಲ್ಲಿ ಬೆಳೆದ ಕಹಿ

ಸುಗಂಧದ್ರವ್ಯಗಳ ಲೋಕಕ್ಕೆ ಕಾಫಿ ಬಂದದ್ದು ಬಹಳ ತಡವಾಗಿ. 1882ರ ‘ಫುಜೇರ್ ರೊಯಾಲ್’ ಸುಗಂಧದಲ್ಲಿ ತಯಾರಕ ಪಾಲ್ ಪಾರ್ಕೆ ಪ್ರಯೋಗಾಲಯದ ಕೂಮರಿನ್ ಬಳಸಿದ. 1919ರ ‘ತಾಬಾ ಬ್ಲಾಂ’ ತಂಬಾಕು ಮತ್ತು ಚರ್ಮದ ವಾಸನೆಗಳಿಗೆ ಮಾನ ತಂದುಕೊಟ್ಟಿತು. 1925ರ ‘ಶಾಲಿಮಾರ್’ ಎಥೈಲ್ ವೆನಿಲಿನ್ನಿನ ಸಿಹಿಯನ್ನು ಮೆರೆಸಿತು. ಇಷ್ಟೆಲ್ಲ ನಡೆದ ಪ್ಯಾರಿಸ್ಸಿನಲ್ಲಿ ಬೀದಿಬೀದಿಗೂ ಕೆಫೆಗಳಿದ್ದರೂ ಕಾಫಿಯನ್ನೇ ಮುಂದಿಟ್ಟ ಹೆಸರಾಂತ ಸುಗಂಧವೊಂದು ಹುಟ್ಟಲಿಲ್ಲ. ಇದಕ್ಕೆ ಅಭಿರುಚಿಗಿಂತ ಸರಕಿನ ಕೊರತೆಯೇ ಕಾರಣ.

ಹಸಿ ಕಾಫಿ ಬೀಜಕ್ಕೆ ಕಾಫಿಯ ವಾಸನೆ ಇರುವುದಿಲ್ಲ; ಮೂಗಿಗೆ ಹಿಡಿದರೆ ಹಸಿ ಬಟಾಣಿ, ಒಣಹುಲ್ಲು ನೆನಪಾಗುತ್ತದೆ. 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ಬೀಜದ ಸಕ್ಕರೆ, ಅಮೈನೊ ಆಮ್ಲಗಳು ಒಂದರೊಡನೊಂದು ಬೆರೆತು ಮಾರ್ಪಟ್ಟ ಮೇಲೆಯೇ ಪರಿಮಳ ಹುಟ್ಟುವುದು. ಹುರಿದ ಕಾಫಿಯಲ್ಲಿ 800ಕ್ಕೂ ಹೆಚ್ಚು ಆವಿಶೀಲ ಸಂಯುಕ್ತಗಳನ್ನು ಗುರುತಿಸಲಾಗಿದೆ. ಇವುಗಳಲ್ಲಿ ಮುಖ್ಯವಾದ ಫರ್ಫ್ಯುರಿಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಬೆಳಕಿಗೆ ತಂದವರು 1920ರ ದಶಕದಲ್ಲಿ ಜ್ಯೂರಿಕ್‌ನ ರಸಾಯನಶಾಸ್ತ್ರಜ್ಞರಾದ ಟಡೇಯುಷ್ ರೈಖ್‌ಸ್ಟೈನ್ ಮತ್ತು ಹರ್ಮನ್ ಸ್ಟೌಡಿಂಗರ್. ಇಬ್ಬರಿಗೂ ಮುಂದೆ ನೊಬೆಲ್ ಬಂತು, ಬೇರೆ ಬೇರೆ ಕೆಲಸಗಳಿಗೆ. ಅವರ ಉದ್ದೇಶ ಕೃತಕವಾಗಿ ಕಾಫಿಯ ಪರಿಮಳ ತಯಾರಿಸುವುದಾಗಿತ್ತು. ಹಾಗಾಗಿ ಅವರ ಶೋಧದ ಫಲ ಸಿಕ್ಕಿದ್ದು ಆಹಾರ ಉದ್ಯಮಕ್ಕೆ. 1960ರ ದಶಕದಲ್ಲಿ ಪೈರಜೀನ್‌ಗಳೆಂಬ ಹುರಿದ ವಾಸನೆಯ ಸಂಯುಕ್ತಗಳ ಪಟ್ಟಿ ಬೆಳೆಯಿತು. 1990ರ ದಶಕದಲ್ಲಿ ಜರ್ಮನಿಯ ವರ್ನರ್ ಗ್ರೋಷ್ ಮತ್ತು ಸಂಗಡಿಗರು, ಇಷ್ಟು ದೊಡ್ಡ ಪಟ್ಟಿಯಲ್ಲಿ ಸುಮಾರು ಇಪ್ಪತ್ತೈದು–ಮೂವತ್ತು ಸಂಯುಕ್ತಗಳನ್ನು ಸರಿಯಾದ ಪ್ರಮಾಣದಲ್ಲಿ ಕೂಡಿಸಿದರೆ ಮೂಗು ಅದನ್ನು ಕಾಫಿಯೆಂದು ಒಪ್ಪುತ್ತದೆಂದು ತೋರಿಸಿಕೊಟ್ಟರು.

ಸುಗಂಧ ತಯಾರಕರ ಮೇಜಿನ ಮೇಲೆ ಈ ಮರ್ಕ್ಯಾಪ್ಟನ್ ಸುಲಭಕ್ಕೆ ಬಗ್ಗುವ ವಸ್ತುವಲ್ಲ. ನೂರಕ್ಕೆ ಒಂದು ಪಾಲಿನ ದ್ರಾವಣದಲ್ಲಿ ಅದ್ದಿದ ಕಾಗದದ ಪಟ್ಟಿ ಸುಟ್ಟ ರಬ್ಬರಿನಂತೆ ನಾರುತ್ತದೆ. ಅದನ್ನೇ ಇನ್ನೂ ನೂರು ಪಟ್ಟು ತೆಳುವಾಗಿಸಿದರೆ ಆಗತಾನೆ ಮುಚ್ಚಳ ತೆಗೆದ ಕಾಫಿಪುಡಿ ಡಬ್ಬಿ ಎದುರಿಗೆ ಬರುತ್ತದೆ. ಗಾಳಿ ತಾಗಿ ಉತ್ಕರ್ಷಣಗೊಂಡರೆ ಆ ತಾಜಾತನ ಉಳಿಯುವುದಿಲ್ಲ. ಸೂತ್ರದಲ್ಲಿರುವ ಆಲ್ಡಿಹೈಡ್‌ಗಳ ಜೊತೆಗೂ ಅದು ಸುಮ್ಮನಿರುವುದಿಲ್ಲ. ಇನ್ನೊಂದು ದಾರಿ ಹುರಿದ ಬೀಜದಿಂದ ತೆಗೆದ ‘ಅಬ್ಸೊಲ್ಯೂಟ್’ ಎಂಬ ಸಾಂದ್ರ ಸಾರ. ಕಡುಕಂದು ಬಣ್ಣದ ಈ ಮಂದ ದ್ರವ ಬಾಟಲಿಗೂ ಬಟ್ಟೆಗೂ ಕಲೆ ಹಿಡಿಸುತ್ತದೆ, ಹುರಿದ ವಾಸನೆ ಬೇಗ ಇಳಿದು ಸುಟ್ಟ ಸಕ್ಕರೆ ಮತ್ತು ಮರದ ಅಡಿವಾಸನೆ ಮಾತ್ರ ನಿಲ್ಲುತ್ತದೆ. ಅಧಿಕ ಒತ್ತಡದ ಇಂಗಾಲದ ಡೈಆಕ್ಸೈಡ್ ಬಳಸಿ ತೆಗೆದ ಸಾರ ಇದಕ್ಕಿಂತ ಎಷ್ಟೋ ಮೇಲು. ಅತಿ ಶಾಖವಿಲ್ಲದೆ ಸಾರ ತೆಗೆಯುವುದರಿಂದ ಕಾಫಿಯ ಮೇಲುಸ್ತರದ ಪರಿಮಳ ಅದರಲ್ಲಿ ಹೆಚ್ಚು ಉಳಿಯುತ್ತದೆ.

ಕಾಫಿಗೆ ಬಾಗಿಲು ತೆರೆದದ್ದು ಕಾಫಿಯೇ ಇಲ್ಲದ ಒಂದು ಸುಗಂಧ. 1992ರಲ್ಲಿ ಥಿಯರಿ ಮುಗ್ಲೆರ್ ಸಂಸ್ಥೆಗೆ ಒಲಿವಿಯೆ ಕ್ರೆಸ್ಪ್ ರೂಪಿಸಿದ ‘ಏಂಜೆಲ್’ ಎಥೈಲ್ ಮಾಲ್ಟಾಲ್‌ನ ಸಕ್ಕರೆಪಾಕವನ್ನು ಪಚೌಲಿಯ ಮಣ್ಣುವಾಸನೆಗೆ ಅಂಟಿಸಿತು. ತಿನಿಸಿನ ವಾಸನೆ ಮೈಮೇಲೆ ಧರಿಸಬಹುದಾದದ್ದು ಎಂದಾಯಿತು. ನಾಲ್ಕೇ ವರ್ಷದಲ್ಲಿ, 1996ರಲ್ಲಿ, ಅದೇ ಸಂಸ್ಥೆಯ ಗಂಡಸರ ಸುಗಂಧ ‘ಏ ಮೆನ್’ ಬಂತು. ಅದರ ಕರ್ತೃ ಜಾಕ್ ಯುಕ್ಲಿಯೆ ಕಾಫಿಯನ್ನು ಲ್ಯಾವೆಂಡರ್, ಪುದೀನ, ಪಚೌಲಿ ಮತ್ತು ಡಾಂಬರಿನ ನಡುವೆ ಕೂರಿಸಿದ. ವೆನಿಲ್ಲಾ, ಕ್ಯಾರಮೆಲ್ ಧಾರಾಳವಾಗಿದ್ದರೂ ಡಾಂಬರು ಅವನ್ನು ಮಿಠಾಯಿ ಆಗಗೊಡುವುದಿಲ್ಲ. ಕಾಫಿಗೆ ಬೇಕಾದ ಜೊತೆ ಕರಕಲು ಮತ್ತು ಹೊಗೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಸೂತ್ರ ಅದಕ್ಕೆ ಮುಂಚೆ ಇರಲಿಲ್ಲ, ಅನಂತರವೂ ಅಪರೂಪ. 2008ರಲ್ಲಿ ಸೀಮಿತ ಸಂಖ್ಯೆಯಲ್ಲಿ ಬಂದ ‘ಪ್ಯೂರ್ ಕಾಫಿ’ ಇದೇ ಸೂತ್ರದಲ್ಲಿ ಹುರಿದ ಬೀಜವನ್ನು ಮುಂದಕ್ಕೆ ತಂದಿತು. ಈ ಕವಲಿನಲ್ಲಿ ಇಂದಿಗೂ ಅಳತೆಗೋಲಾಗಿ ನಿಲ್ಲುವ ಕೃತಿ ಅದು.

ಮೊರಿಸ್ ರೂಸೆಲ್ ಎಂಬ ತಯಾರಕ ಇನ್ನೊಂದು ದಾರಿ ಹಿಡಿದ. 1999ರ ‘ರೋಷಾಸ್ ಮ್ಯಾನ್’ನಲ್ಲಿ ಲ್ಯಾವೆಂಡರ್ ಮತ್ತು ವೆನಿಲ್ಲಾದ ಮಧ್ಯೆ ಅಂಜಿಕೊಂಡೇ ಇದ್ದ ಕಾಫಿ, ಬಾಂಡ್ ನಂಬರ್ ನೈನ್ ಸಂಸ್ಥೆಗಾಗಿ ಆತ 2003ರಲ್ಲಿ ಮಾಡಿದ ‘ನ್ಯೂ ಹಾರ್ಲೆಮ್’ನಲ್ಲಿ ಗಟ್ಟಿ ದನಿ ಪಡೆಯಿತು. ಎರಡನ್ನೂ ಪಕ್ಕಪಕ್ಕ ಮೂಸಿದರೆ ಒಂದೇ ಸೂತ್ರದ ಕರಡು ಮತ್ತು ಅಚ್ಚುಪ್ರತಿ ಎನಿಸುತ್ತದೆ. ಅದೇ ಸುಮಾರಿಗೆ ಲಂಡನ್ನಿನ ಜೋ ಮಲೋನ್ ಸಂಸ್ಥೆಯ ‘ಬ್ಲ್ಯಾಕ್ ವೆಟಿವರ್ ಕೆಫೆ’ ಕಾಫಿಯನ್ನು ಲಾವಂಚದ ಬೇರಿನ ಜೊತೆ ಜೋಡಿಸಿತು. ಹೊಗೆ ಹಿಡಿದ ಬೇರು, ಹುರಿದ ಬೀಜ, ಹೆಸರಿಗಷ್ಟು ಸಿಹಿ: ಒಣ ಕಾಫಿಯ ಮಾದರಿ ಎಂದರೆ ಇದೇ. ಅದು ಮಾರುಕಟ್ಟೆಯಿಂದ ಮರೆಯಾಯಿತು. ಅದರ ಹಾದಿಯಲ್ಲಿ ನಡೆದವರೂ ಕಡಿಮೆ.

2014 ಈ ಚರಿತ್ರೆಯನ್ನು ಎರಡಾಗಿ ಸೀಳಿದ ವರ್ಷ. ಒಲಿವಿಯೆ ಪೋಲ್ಜ್‌ನ ‘ವ್ಯಾಲೆಂಟಿನೊ ವೋಮೊ’ದಲ್ಲಿ ಕಾಫಿ ಹೇಜಲ್‌ನಟ್-ಚಾಕೊಲೇಟಿನ ಜೊತೆ ಬಂತು. ಕಲಿಸ್ ಬೆಕೆರ್‌ಳ ‘ಇಂಟಾಕ್ಸಿಕೇಟೆಡ್’ ಏಲಕ್ಕಿ ಹಾಕಿ ಕುದಿಸಿದ ಟರ್ಕಿಯ ಕಾಫಿಯನ್ನು ನೆನಪಿಸಿತು. ಆದರೆ ಗೆದ್ದದ್ದು ಈವ್ ಸಾಂ ಲೊರಾನ್ ಸಂಸ್ಥೆಯ ‘ಬ್ಲ್ಯಾಕ್ ಓಪಿಯಮ್’. ನಾಲ್ವರು ತಯಾರಕರು ಕೂಡಿ ಮಾಡಿದ ಅದರಲ್ಲಿ ಕಾಫಿಗೆ ಕಿತ್ತಳೆ ಹೂ ಮತ್ತು ವೆನಿಲ್ಲಾದ ಹೊದಿಕೆ. ಕೌಶಲದಲ್ಲಿ ಕೊರತೆಯಿಲ್ಲ, ಆದರೆ ಮೊದಲ ಅರ್ಧ ಗಂಟೆ ಕಳೆದ ಮೇಲೆ ಅದರಲ್ಲಿ ಕಾಫಿಯನ್ನು ಹುಡುಕಬೇಕು. ಅದರ ಯಶಸ್ಸಿನ ಬೆನ್ನಿಗೇ ಕಾಫಿ ಎಂದರೆ ಹಾಲು-ಸಕ್ಕರೆಯ ಲಾಟೆ ಎಂಬ ಸಮೀಕರಣ ಗಟ್ಟಿಯಾಯಿತು. ಆ ನಾಲ್ವರಲ್ಲಿ ಒಬ್ಬನಾದ ಕ್ರೆಸ್ಪ್ ಮುಂದೆ ತನ್ನದೇ ಆಕ್ರೊ ಸಂಸ್ಥೆಯ ‘ಅವೇಕ್’ನಲ್ಲಿ ನಿಂಬೆ, ಏಲಕ್ಕಿ ಸೇರಿಸಿ ಎಸ್ಪ್ರೆಸೊದ ಖಾರಕ್ಕೆ ಮರಳಿದ್ದು ಗಮನಿಸಬೇಕಾದ ಸಂಗತಿ.

ಇಂದಿನ ಕೈಪಿಡಿಗಳೂ ಮಳಿಗೆಗಳೂ ಕಾಫಿಯನ್ನು ಕಣ್ಣು ಮುಚ್ಚಿ ‘ಗೂರ್ಮಾಂಡ್’ ಎಂಬ ತಿನಿಸುವಾಸನೆಗಳ ಸಾಲಿನಲ್ಲಿ, ಚಾಕೊಲೇಟು-ಕ್ಯಾರಮೆಲ್ಲಿನ ಪಕ್ಕ ಇಡುತ್ತವೆ. ಆದರೆ ಕಾಫಿಯಲ್ಲಿರುವ ಗ್ವಾಯಕಾಲ್‌ಗೆ ಹೊಗೆಯ, ಪೈರಜೀನ್‌ಗಳಿಗೆ ಮಣ್ಣಿನ ಮತ್ತು ಹುರಿಗಡಲೆಯ, ಮರ್ಕ್ಯಾಪ್ಟನ್‌ಗೆ ರಬ್ಬರಿನ ನಂಟು. ವಾಸನೆಯ ವಂಶಾವಳಿಯಲ್ಲಿ ಅದು ಚರ್ಮ, ತಂಬಾಕಿನ ದಾಯಾದಿ. ಮೂಗು ‘ತೊಳೆಯಲು’ ಮಳಿಗೆಗಳು ಇಡುವ ಬೀಜದ ಬಟ್ಟಲು ಇನ್ನೊಂದು ತಪ್ಪು ತಿಳಿವಳಿಕೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬರಿಯ ಗಾಳಿಗಿಂತ ಕಾಫಿ ಬೀಜ ಹೆಚ್ಚಿಗೆ ಏನೂ ಸಹಾಯ ಮಾಡಲಿಲ್ಲ. ಪರಿಮಳವಾಗಿ ಮೂಸಬೇಕಾದದ್ದನ್ನು ಅಳಿಸುವ ರಬ್ಬರಾಗಿ ಬಳಸುವ ಈ ಪದ್ಧತಿ ಆಮೇಲೂ ನಿಂತಿಲ್ಲ.

ಈ ಎಲ್ಲ ಕೃತಿಗಳ ಕಾಫಿ ಬಹುತೇಕ ಯುರೋಪಿನ ಕೆಫೆಯ ಲೋಟದಲ್ಲಿರುವ ಕಾಫಿ. ಚಿಕೋರಿ ಬೆರೆತ ಡಿಕಾಕ್ಷನ್ನಿನ ಸುಟ್ಟ ಬೇರಿನ ವಾಸನೆ ದಕ್ಷಿಣ ಭಾರತದ ಮನೆಮನೆಗೂ ಪರಿಚಿತವಾದರೂ ದೊಡ್ಡ ಸಂಸ್ಥೆಗಳ ಸೂತ್ರಗಳಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಕಾಫಿ ಹೂವಿನದೂ ಅದೇ ಕಥೆ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಗಿಡಗಳೆಲ್ಲ ಒಮ್ಮೆಗೇ ಬೆಳ್ಳಗಾಗಿ, ಮಲ್ಲಿಗೆಯನ್ನು ಹೋಲುವ ಪರಿಮಳ ಎರಡು-ಮೂರು ದಿನ ಮಾತ್ರ ನಿಲ್ಲುತ್ತದೆ. ಹೂ ಬಿಡಿಸಿದರೆ ಫಸಲು ಹೋಗುತ್ತದೆ. ಆದ್ದರಿಂದ ಕನೌಜಿನ ಮಲ್ಲಿಗೆಯಂತೆ ಅದನ್ನು ಬುಟ್ಟಿಗಟ್ಟಲೆ ಭಟ್ಟಿಗೆ ಒಯ್ಯಲಾಗದು. ಕೀಳದೆಯೇ ಹೂವಿನ ಸುತ್ತಲ ಗಾಳಿಯನ್ನು ಹಿಡಿದು ವಿಶ್ಲೇಷಿಸುವ ವಿಧಾನವನ್ನು ಭಾರತ ಮೂಲದ ಬ್ರಜ ಮುಖರ್ಜಿ ಮತ್ತು ಸ್ವಿಟ್ಜರ್ಲೆಂಡಿನ ರೋಮನ್ ಕೈಸರ್ ದಶಕಗಳ ಹಿಂದೆಯೇ ಬೆಳೆಸಿದ್ದಾರೆ. ತೋಟಕ್ಕೆ ಅದನ್ನು ಸರಿಯಾದ ವಾರದಲ್ಲಿ ತರುವುದಷ್ಟೇ ಕೆಲಸ. ಇನ್ನು ಮಾನ್ಸೂನ್ಡ್ ಮಲಬಾರ್: ಮಂಗಳೂರಿನ ಗೋದಾಮುಗಳಲ್ಲಿ ಮುಂಗಾರಿನ ತೇವದ ಗಾಳಿಗೆ ವಾರಗಟ್ಟಲೆ ಒಡ್ಡಿದ ಬೀಜ ಉಬ್ಬಿ, ಬಿಳಿಚಿಕೊಂಡು, ಹುಳಿ ಕಳೆದುಕೊಂಡು ಮಣ್ಣಿನ, ಹಳೆಯ ಮರದ ವಾಸನೆ ಪಡೆಯುತ್ತದೆ. ಪಚೌಲಿ, ಲಾವಂಚಗಳ ಜೊತೆ ಸಕ್ಕರೆಯ ಹಂಗಿಲ್ಲದೆ ಕೂಡಬಲ್ಲ ಈ ಕಾಫಿ ಸದ್ಯ ಮುಖ್ಯವಾಗಿ ಹೋಗುತ್ತಿರುವುದು ಯುರೋಪಿನ ಎಸ್ಪ್ರೆಸೊ ಮಿಶ್ರಣಗಳಿಗೆ.