ಲೂಥರನ್ ಪರಂಪರೆಯಲ್ಲಿ ಕೃಪಾಸಾಧನ: ಒಂದು ಪರಿಭಾಷೆಯ ಚಾರಿತ್ರಿಕ ವಿವೇಚನೆ

ಪರಧರ್ಮದ ಪರಿಕಲ್ಪನೆಯೊಂದನ್ನು ಕನ್ನಡಕ್ಕೆ ತರುವಾಗ ನಾವು ಆರಿಸಿಕೊಳ್ಳುವ ಪದವೇ ಕೆಲವೊಮ್ಮೆ ನಮ್ಮನ್ನು ದಾರಿ ತಪ್ಪಿಸುತ್ತದೆ. ದೇವರ ಕೃಪೆಯು ಮನುಷ್ಯನಿಗೆ ಯಾವುದರ ಮೂಲಕ ದೊರೆಯುತ್ತದೆ ಎಂಬ ಪ್ರಶ್ನೆಗೆ ಲೂಥರನ್ ಪರಂಪರೆಯು ಕೊಟ್ಟ ಉತ್ತರವನ್ನು 'ಕೃಪಾಸಾಧನ' ಎಂಬ ಮಾತಿನಿಂದ ಸೂಚಿಸಬಹುದು. ಆದರೆ ಕನ್ನಡದಲ್ಲಿ 'ಸಾಧನ' ಎಂದರೆ ಕೆಲಸಕ್ಕೆ ಬಳಸುವ ಉಪಕರಣವೂ ಹೌದು, ಗುರಿ ಮುಟ್ಟಲು ಸಾಧಕನು ಕೈಗೊಳ್ಳುವ ಅಭ್ಯಾಸವೂ ಹೌದು. ನಡುಗನ್ನಡ ಸಾಹಿತ್ಯದ ಓದಿನಲ್ಲಿ ಬೆಳೆದ ನಮ್ಮಂಥವರಿಗೆ ಎರಡನೆಯ ಅರ್ಥವೇ ಮೊದಲು ಹೊಳೆಯುತ್ತದೆ. ಹದಿನಾರನೆಯ ಶತಮಾನದ ವಿಟೆನ್‌ಬೆರ್ಗ್‌ನಲ್ಲಿ ರೂಪುಗೊಂಡ ಚಿಂತನೆಯು ಈ ಎರಡನೆಯ ಅರ್ಥವನ್ನು ನಿರಾಕರಿಸುವ ಮೂಲಕವೇ ಬೆಳೆಯಿತು ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಲೂಥರನಿಗೆ ಮುಂಚಿನ ಪಶ್ಚಿಮ ಯುರೋಪಿನ ಸ್ಥಿತಿಯನ್ನು ಮೊದಲು ಗಮನಿಸಬೇಕು. 1439ರ ಫ್ಲಾರೆನ್ಸ್ ಮಹಾಸಭೆಯ ವೇಳೆಗೆ ರೋಮನ್ ಸಭೆಯಲ್ಲಿ ಸಂಸ್ಕಾರಗಳು ಏಳು ಎಂಬ ಎಣಿಕೆ ಸ್ಥಿರವಾಗಿತ್ತು. ಸ್ವೀಕರಿಸುವವನು ಅಡ್ಡಿಯೊಡ್ಡದಿದ್ದರೆ ವಿಧಿಯು ನೆರವೇರಿದುದರಿಂದಲೇ ಕೃಪೆ ದೊರೆಯುತ್ತದೆ ಎಂಬುದು ಅಂದಿನ ಪಂಡಿತರ ನಿಲುವು. 1517ರಲ್ಲಿ ಪಾಪದಂಡನೆಯ ವಿನಾಯಿತಿ ಪತ್ರಗಳನ್ನು ಪ್ರಶ್ನಿಸಿದ ಲೂಥರನು, 1520ರಲ್ಲಿ ಸಭೆಯ 'ಬಾಬಿಲೋನಿನ ಸೆರೆ'ಯನ್ನು ಕುರಿತ ತನ್ನ ಲ್ಯಾಟಿನ್ ಗ್ರಂಥದಲ್ಲಿ ಸಂಸ್ಕಾರದ ವ್ಯಾಖ್ಯೆಯನ್ನೇ ಬದಲಿಸಿದನು. ದೇವರ ವಾಗ್ದಾನ ಮತ್ತು ಆ ವಾಗ್ದಾನಕ್ಕೆ ಜೋಡಿಸಿದ ಕಣ್ಣಿಗೆ ಕಾಣುವ ಗುರುತು, ಇವೆರಡೂ ಕೂಡಿದ್ದರೆ ಮಾತ್ರ ಅದು ಸಂಸ್ಕಾರ. ಈ ಅಳತೆಗೆ ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಮಾತ್ರ ಪೂರ್ಣವಾಗಿ ನಿಂತವು. ವಾಗ್ದಾನವೆಂದ ಮೇಲೆ ಅದನ್ನು ನಂಬಬೇಕು. ನಂಬದವನಿಗೆ ಅದರ ಫಲವಿಲ್ಲ.

ಇಷ್ಟಕ್ಕೇ ನಿಂತಿದ್ದರೆ, ಎಲ್ಲವೂ ಮನುಷ್ಯನ ನಂಬಿಕೆಯನ್ನೇ ಆಶ್ರಯಿಸಿದೆ ಎನ್ನಬಹುದಾಗಿತ್ತು. ಆದರೆ ಒಂದೆರಡು ವರ್ಷಗಳಲ್ಲಿಯೇ ಲೂಥರನು ಇನ್ನೊಂದು ದಿಕ್ಕಿನ ವಿರೋಧವನ್ನು ಎದುರಿಸಬೇಕಾಯಿತು. 1521ರ ಡಿಸೆಂಬರ್‌ನಲ್ಲಿ ಸ್ವಿಕಾವ್ ಊರಿನಿಂದ ಬಂದ ಕೆಲವರು ಪವಿತ್ರಾತ್ಮನು ತಮ್ಮೊಡನೆ ನೇರವಾಗಿ ಮಾತನಾಡುತ್ತಾನೆಂದು ವಿಟೆನ್‌ಬೆರ್ಗ್‌ನಲ್ಲಿ ಸಾರಿದರು. ಲೂಥರನ ಸಹೋದ್ಯೋಗಿ ಕಾರ್ಲ್‌ಸ್ಟಾಟ್ ಆರಾಧನೆಯ ಹಳೆಯ ಕ್ರಮಗಳನ್ನು ಅವಸರದಿಂದ ಕಿತ್ತುಹಾಕತೊಡಗಿದನು. 1522ರ ಮಾರ್ಚ್‌ನಲ್ಲಿ ವಾರ್ಟ್‌ಬುರ್ಗ್ ಕೋಟೆಯಿಂದ ಹಿಂದಿರುಗಿದ ಲೂಥರನು ಎಂಟು ದಿನ ಸತತವಾಗಿ ಉಪದೇಶಿಸಿ ಊರನ್ನು ಶಾಂತಗೊಳಿಸಿದನು. 'ಸ್ವರ್ಗೀಯ ಪ್ರವಾದಿ'ಗಳ ವಿರುದ್ಧ ಅವನು ಬರೆದು 1525ರಲ್ಲಿ ಮುಗಿಸಿದ ಗ್ರಂಥದಲ್ಲಿ ಈ ವಾದವು ಸ್ಪಷ್ಟ ರೂಪ ತಾಳಿತು. ದೇವರು ಒಳಗಿನದನ್ನು ಹೊರಗಿನದರ ಮೂಲಕವೇ ಕೊಡುತ್ತಾನೆ. ಈ ಕ್ರಮವನ್ನು ತಲೆಕೆಳಗು ಮಾಡುವಂತಿಲ್ಲ. ಪಾಪಕ್ಷಮೆಯು ಶಿಲುಬೆಯ ಮೇಲೆ ಒಮ್ಮೆ ಗಳಿಸಲ್ಪಟ್ಟಿತು, ಆದರೆ ಅದು ಹಂಚಲ್ಪಡುವುದು ವಾಕ್ಯದಲ್ಲಿ ಮತ್ತು ಸಂಸ್ಕಾರದಲ್ಲಿ. ಗಳಿಕೆ ಮತ್ತು ಹಂಚಿಕೆಗಳ ಈ ವಿವೇಚನೆಯೇ ಲೂಥರನ್ ಕೃಪಾಸಾಧನ ತತ್ತ್ವದ ಬೆನ್ನೆಲುಬು ಎನ್ನಬೇಕಾಗುತ್ತದೆ.

ಹೊರಗಿನದಕ್ಕೆ ಇಷ್ಟು ಒತ್ತು ಕೊಟ್ಟುದು ಏಕೆ? ಇಲ್ಲಿ ಪಣವಾಗಿದ್ದುದು ನೊಂದ ಮನಸ್ಸಿನ ನಿಶ್ಚಯ. ತನ್ನ ಅಂತರಂಗವನ್ನೇ ಪ್ರಮಾಣವೆಂದು ತಿಳಿದವನು ಭಕ್ತಿ ಬತ್ತಿದ ದಿನ ಎಲ್ಲಿಗೆ ಹೋಗಬೇಕು? ಪಾಪಭಾರದಿಂದ ಕುಗ್ಗಿದವನು ತನ್ನ ಭಾವನೆಗಳನ್ನು ತೂಗಿ ನೋಡದೆ, ತನಗೆ ದೀಕ್ಷಾಸ್ನಾನವಾಗಿದೆ ಎಂಬುದನ್ನು ನೆನೆಯಬೇಕೆಂದು 1529ರ 'ದೊಡ್ಡ ಪ್ರಶ್ನೋತ್ತರ'ದಲ್ಲಿ ಲೂಥರನು ಬೋಧಿಸುತ್ತಾನೆ. ನಂಬಿಕೆಯು ದೀಕ್ಷಾಸ್ನಾನವನ್ನು ಉಂಟುಮಾಡುವುದಿಲ್ಲ, ಸ್ವೀಕರಿಸುತ್ತದೆ ಎಂಬ ವಿವರಣೆಯೂ ಅಲ್ಲಿಯೇ ಬರುತ್ತದೆ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಾರ್‌ಬುರ್ಗ್‌ನಲ್ಲಿ ಲೂಥರನೂ ಜೂರಿಕ್‌ನ ತ್ಸ್ವಿಂಗ್ಲಿಯೂ ಮುಖಾಮುಖಿಯಾದರು. ಭೋಜನದ ಸಮಯದಲ್ಲಿ ಕ್ರಿಸ್ತನಾಡಿದ ಮಾತನ್ನು ಲೂಥರನು ಸೀಮೆಸುಣ್ಣದಿಂದ ಮೇಜಿನ ಮೇಲೆ ಲ್ಯಾಟಿನ್ನಿನಲ್ಲಿ ಬರೆದಿಟ್ಟುಕೊಂಡು ಅದರಿಂದ ಕದಲಲಿಲ್ಲ. ರೊಟ್ಟಿ ದ್ರಾಕ್ಷಾರಸಗಳು ಕ್ರಿಸ್ತನ ದೇಹರಕ್ತಗಳನ್ನು ಸೂಚಿಸುವ ಗುರುತುಗಳೆಂದು ತ್ಸ್ವಿಂಗ್ಲಿ. ಅವುಗಳಲ್ಲಿ ಕ್ರಿಸ್ತನು ನಿಜವಾಗಿ ಕೊಡಲ್ಪಡುತ್ತಾನೆಂದು ಲೂಥರ್. ಹದಿನೈದು ವಿಷಯಗಳ ಪೈಕಿ ಹದಿನಾಲ್ಕರಲ್ಲಿ ಒಮ್ಮತ ಮೂಡಿದರೂ ಹದಿನೈದನೆಯದರ ಈ ಒಂದು ಅಂಶದಲ್ಲಿ ಒಡಕು ಉಳಿಯಿತು.

ಮರುವರ್ಷ, 1530ರಲ್ಲಿ, ಮೆಲಾಂಕ್‌ಟನ್ ರಚಿಸಿದ ಔಗ್ಸ್‌ಬುರ್ಗ್ ನಿವೇದನೆಯು ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಮುಂದೆ ಓದಲ್ಪಟ್ಟಿತು. ಅದರ ಐದನೆಯ ವಿಧಿಯ ಪ್ರಕಾರ ವಾಕ್ಯ ಮತ್ತು ಸಂಸ್ಕಾರಗಳ ಮೂಲಕ ಪವಿತ್ರಾತ್ಮನು ಕೊಡಲ್ಪಡುತ್ತಾನೆ. ಲ್ಯಾಟಿನ್ ಪಾಠದಲ್ಲಿ ಇವನ್ನು 'ಇನ್‌ಸ್ಟ್ರುಮೆಂಟಾ' ಎಂದೂ ಜರ್ಮನ್ ಪಾಠದಲ್ಲಿ 'ಮಿಟ್ಟೆಲ್' ಎಂದೂ ಕರೆದಿದೆ. ಒಂದು ಉಪಕರಣ, ಇನ್ನೊಂದು ಮಾಧ್ಯಮ. ಎರಡರಲ್ಲಿಯೂ ಅಭ್ಯಾಸದ ಅರ್ಥವಿಲ್ಲ. ಎಂಟನೆಯ ವಿಧಿಯು ಸಂಸ್ಕಾರವನ್ನು ನೆರವೇರಿಸುವವನು ದುಷ್ಟನಾಗಿದ್ದರೂ ಸಂಸ್ಕಾರವು ಕೆಡುವುದಿಲ್ಲ ಎನ್ನುತ್ತದೆ. ಉಪಕರಣವು ದೇವರ ಕೈಯಲ್ಲಿದೆ ಎಂದ ಮೇಲೆ ಈ ಮಾತು ತಾನಾಗಿಯೇ ಹೊರಡುತ್ತದೆ. 1537ರ ಶ್ಮಾಲ್‌ಕಾಲ್ಡ್ ವಿಧಿಗಳಲ್ಲಿ ಲೂಥರನು ಸುವಾರ್ತೆಯು ತಲುಪುವ ದಾರಿಗಳನ್ನು ಹೀಗೆ ಎಣಿಸುತ್ತಾನೆ: ಉಪದೇಶ, ದೀಕ್ಷಾಸ್ನಾನ, ಭೋಜನ, ಪಾಪಕ್ಷಮೆ ಸಾರುವ ಅಧಿಕಾರ, ಮತ್ತು ಸಹೋದರರು ಒಬ್ಬರನ್ನೊಬ್ಬರು ಸಂತೈಸುವುದು.

ಈ ಚಿಂತನೆಗೆ ಗ್ರಂಥಗಳಾಚೆಯ ಸಾಕ್ಷ್ಯವೂ ಉಂಟು. ವಿಟೆನ್‌ಬೆರ್ಗ್‌ನ ಊರ ದೇವಾಲಯದಲ್ಲಿ ಕ್ರಾನಾಖ್ ಚಿತ್ರಶಾಲೆಯ ವೇದಿಚಿತ್ರವು 1547ರಲ್ಲಿ ಪ್ರತಿಷ್ಠಾಪನೆಗೊಂಡಿತು. ಲೂಥರನು ತೀರಿ ಒಂದು ವರ್ಷವಾಗಿತ್ತು. ಆ ವರ್ಷವೇ ಊರು ಚಕ್ರವರ್ತಿಗೆ ಶರಣಾಯಿತು. ಆ ವರ್ಷವೇ ಟ್ರೆಂಟ್ ಮಹಾಸಭೆ ಏಳು ಸಂಸ್ಕಾರಗಳನ್ನು ಪುನಃ ದೃಢಪಡಿಸಿತು. ಚಿತ್ರದ ನಡುವೆ ಕರ್ತನ ಭೋಜನವಿದೆ. ಶಿಷ್ಯರ ಸಾಲಿನಲ್ಲಿ ಲೂಥರನೂ ಕುಳಿತು ಪಾತ್ರೆ ಮುಟ್ಟುತ್ತಾನೆ. ಎಡಗಡೆ ಮೆಲಾಂಕ್‌ಟನ್ ಶಿಶುವಿಗೆ ದೀಕ್ಷಾಸ್ನಾನ ಮಾಡಿಸುತ್ತಾನೆ. ಅವನು ಎಂದೂ ಸಭಾಪಾಲಕನಾಗಿ ಅಭಿಷಿಕ್ತನಾದವನಲ್ಲ ಎಂಬುದು ಇಲ್ಲಿ ಗಮನಾರ್ಹ. ಬಲಗಡೆ ಊರಿನ ಸಭಾಪಾಲಕ ಬೂಗೆನ್‌ಹಾಗೆನ್ ಎರಡು ಬೀಗದ ಕೈಗಳನ್ನು ಹಿಡಿದು ಒಬ್ಬನಿಗೆ ಕ್ಷಮೆ ಸಾರುತ್ತಾನೆ, ಪಶ್ಚಾತ್ತಾಪವಿಲ್ಲದ ಇನ್ನೊಬ್ಬನನ್ನು ಕಳುಹಿಸಿಬಿಡುತ್ತಾನೆ. ಕೆಳಗಿನ ಪಟ್ಟಿಯಲ್ಲಿ ಲೂಥರನು ಉಪದೇಶಿಸುತ್ತಿದ್ದಾನೆ; ಅವನಿಗೂ ಜನರಿಗೂ ನಡುವೆ ಶಿಲುಬೆಯ ಕ್ರಿಸ್ತನಿದ್ದಾನೆ. ದರ್ಶನವಿಲ್ಲ, ಸಮಾಧಿಯಿಲ್ಲ. ನೀರು, ರೊಟ್ಟಿ, ಮಾತು, ಮತ್ತು ಊರಿನವರು ಗುರುತಿಸಬಲ್ಲ ಮುಖಗಳು, ಇಷ್ಟೇ.

ಕನ್ನಡದ ವಿದ್ಯಾರ್ಥಿಗೆ ಇಲ್ಲಿ ವೀರಶೈವದ ಅಷ್ಟಾವರಣಗಳು, ಅದರಲ್ಲಿಯೂ ಪಾದೋದಕ ಪ್ರಸಾದಗಳು, ನೆನಪಾಗುವುದು ಸಹಜ. ಇಂದ್ರಿಯಗೋಚರವಾದ ವಸ್ತುವಿನಲ್ಲಿ ಅನುಗ್ರಹವನ್ನು ಕಾಣುವ ಮಟ್ಟಿಗೆ ಹೋಲಿಕೆಯುಂಟು. ಆದರೆ ಪ್ರಸಾದವು ಅರ್ಪಿತವಾಗಿ ಮರಳಿ ಬಂದದ್ದು. ಲೂಥರನಾದರೋ ಭೋಜನವನ್ನು ಮನುಷ್ಯನು ದೇವರಿಗೆ ಒಪ್ಪಿಸುವ ಬಲಿಯೆಂದು ಎಣಿಸುವುದನ್ನೇ ಖಂಡಿಸಿದನು. ಅಲ್ಲಿ ಕೊಡುವವನು ದೇವರು, ಮನುಷ್ಯನದು ಚಾಚಿದ ಕೈ. ಹೋಲಿಕೆಯ ಉತ್ಸಾಹದಲ್ಲಿ ಈ ದಿಕ್ಕಿನ ಭೇದವನ್ನು ಮರೆಯಲಾಗದು.

ಹೊರನಾಡಿನ ಸಂಶೋಧಕರಿಗೆ ಈ ವಿವೇಚನೆಯ ಪ್ರಯೋಜನವೂ ಇದೆ. 1706ರಲ್ಲಿ ಸೀಗೆನ್‌ಬಾಲ್ಗ್ ಬಂದಿಳಿದ ತರಂಗಂಬಾಡಿಯ ಮಿಷನ್ ಲೂಥರನ್ ಆಗಿತ್ತು. 1834ರಲ್ಲಿ ಮಂಗಳೂರಿನಲ್ಲಿ ಕೆಲಸ ಆರಂಭಿಸಿದ ಬಾಸೆಲ್ ಮಿಷನ್ ಹಾಗಲ್ಲ. ಅದರಲ್ಲಿ ವ್ಯುರ್ಟೆಂಬೆರ್ಗ್‌ನ ಲೂಥರನ್ನರೂ ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಪಂಥದವರೂ ಕೂಡಿ ದುಡಿದರು. ಅಂದರೆ ಮಾರ್‌ಬುರ್ಗ್‌ನಲ್ಲಿ ಬೇರೆಯಾದ ಎರಡು ಧಾರೆಗಳ ವಾರಸುದಾರರು ಮಂಗಳೂರಿನಲ್ಲಿ ಜೊತೆಗಿದ್ದರು. ಯುರೋಪಿನಲ್ಲಿ ಈ ಎರಡು ಪಂಥಗಳ ಸಭೆಗಳು ಲಾಯೆನ್‌ಬೆರ್ಗ್ ಒಪ್ಪಂದದಿಂದ ಪರಸ್ಪರ ಸಹಭಾಗಿತ್ವವನ್ನು ಸಾರಿದುದು 1973ರಲ್ಲಿ. ಆದ್ದರಿಂದ ಬಾಸೆಲ್ ಮಿಷನ್ನಿನ ಕನ್ನಡ ಬರಹಗಳಲ್ಲಿ ದೀಕ್ಷಾಸ್ನಾನ, ಭೋಜನಗಳ ಪ್ರಸ್ತಾಪ ಬಂದಾಗ ಅದನ್ನು ಲೂಥರನ ಮತವೆಂದು ಯಾಂತ್ರಿಕವಾಗಿ ಗುರುತಿಸುವುದು ಸಲ್ಲದು. ಅಲ್ಲಿ ವಿಧಿಯು ಕೃಪೆಯನ್ನು 'ಕೊಡುತ್ತದೆ' ಎಂದಿದೆಯೋ 'ಸೂಚಿಸುತ್ತದೆ' ಎಂದಿದೆಯೋ ಎಂದು ಕ್ರಿಯಾಪದವನ್ನು ನೋಡಬೇಕು.

ಹೀಗೆ ನೋಡಿದಾಗ 'ಕೃಪಾಸಾಧನ' ಎಂಬ ಪದವನ್ನು ಬಿಡಬೇಕಾದ ಅಗತ್ಯವಿಲ್ಲ. ಆದರೆ ಅದನ್ನು ಓದುವಾಗ ಕೃಪೆಯನ್ನು ಪಡೆಯಲು ಮನುಷ್ಯನು ಮಾಡುವ ಸಾಧನವೆಂದಲ್ಲ, ಕೃಪೆಯನ್ನು ಕೊಡಲು ದೇವರು ಬಳಸುವ ಸಾಧನವೆಂದು ಬಿಡಿಸಿಕೊಳ್ಳಬೇಕು. ಸಮಾಸದ ವಿಗ್ರಹದಲ್ಲಿ ಕರ್ತೃ ಬದಲಾದರೆ ಅರ್ಥವೂ ಬದಲಾಗುತ್ತದೆ. ವಿಟೆನ್‌ಬೆರ್ಗ್ ಮತ್ತು ಮಾರ್‌ಬುರ್ಗ್‌ಗಳಲ್ಲಿ ನಡೆದ ವಾಗ್ವಾದವೂ ಮೂಲತಃ ಆ ಕರ್ತೃ ಯಾರು ಎಂಬುದನ್ನು ಕುರಿತದ್ದೇ ಆಗಿತ್ತು.