ಹಳದೀಪುರದ ಅರುಣಾ ಮತ್ತು ದಯಾಮರಣದ ವಾದ

ಬೈಂದೂರಿನಿಂದ ಉತ್ತರಕ್ಕೆ ಶಿರೂರು, ಭಟ್ಕಳ, ಮುರ್ಡೇಶ್ವರಗಳನ್ನು ದಾಟಿದರೆ ಹೊನ್ನಾವರದಲ್ಲಿ ಶರಾವತಿಯ ಸೇತುವೆ ಸಿಗುತ್ತದೆ. ಅದರಾಚೆ ಕುಮಟೆಯ ದಾರಿಯಲ್ಲಿರುವ ಊರು ಹಳದೀಪುರ. ಅರುಣಾ ರಾಮಚಂದ್ರ ಶಾನಭಾಗ ಅವರು 1948ರ ಜೂನ್ 1ರಂದು ಹುಟ್ಟಿದ್ದು ಅಲ್ಲಿ. ನಮ್ಮ ಕುಂದಾಪುರ, ಬ್ರಹ್ಮಾವರದ ಹುಡುಗರು ಹೋಟೆಲು ಕೆಲಸ ಅರಸಿ ಮುಂಬಯಿಗೆ ಹೋಗುತ್ತಿದ್ದ ಕಾಲದಲ್ಲಿ ಆಕೆ ಅದೇ ಮುಂಬಯಿಗೆ ಹೋಗಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾದರು.

1973ರ ನವೆಂಬರ್ 27ರ ಸಂಜೆ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಆಕೆಯ ಕುತ್ತಿಗೆ ಬಿಗಿದು ಲೈಂಗಿಕ ದೌರ್ಜನ್ಯವೆಸಗಿದ. ಮರುದಿನ ಬೆಳಿಗ್ಗೆ ಪತ್ತೆಯಾಗುವ ವೇಳೆಗೆ ಮೆದುಳಿಗೆ ಆಗಬಾರದ ಹಾನಿಯಾಗಿತ್ತು. ಅಪರಾಧಿಗೆ ಹಲ್ಲೆ, ಸುಲಿಗೆಗಳಿಗಾಗಿ ಏಳು ವರ್ಷ ಶಿಕ್ಷೆಯಾಯಿತು. ಅರುಣಾ ಅವರು ಮಲಗಿದ್ದು ನಲವತ್ತೊಂದು ವರ್ಷಕ್ಕೂ ಮಿಕ್ಕಿ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಲೇಖಕಿ ಪಿಂಕಿ ವಿರಾನಿ 1998ರಲ್ಲಿ ಆಕೆಯ ಕುರಿತು ಪುಸ್ತಕ ಬರೆದರು. 2009ರಲ್ಲಿ ಆಕೆಗೆ ಆಹಾರ ಕೊಡುವುದನ್ನು ನಿಲ್ಲಿಸಿ ನೆಮ್ಮದಿಯ ಸಾವಿಗೆ ಅವಕಾಶ ಮಾಡಿಕೊಡಬೇಕೆಂದು ಸುಪ್ರೀಂ ಕೋರ್ಟಿನ ಮೊರೆ ಹೊಕ್ಕರು. ಆಸ್ಪತ್ರೆಯ ದಾದಿಯರು ಕಟುವಾಗಿ ವಿರೋಧಿಸಿದರು. ನ್ಯಾಯಾಲಯ ನೇಮಿಸಿದ ಮೂವರು ವೈದ್ಯರು ಹೋಗಿ ಪರೀಕ್ಷಿಸಿದರು. ಮೀನು ಮತ್ತು ಕೋಳಿಯ ಸಾರು ಆಕೆಗೆ ಇಷ್ಟವೆಂದು ಅವರ ವರದಿಯಲ್ಲಿದೆ. ಕಡಲ ತಡಿಯಲ್ಲಿ ಹುಟ್ಟಿದ ಹೆಣ್ಣಿಗೆ ಎಲ್ಲ ಹೋದರೂ ಮೀನಿನ ರುಚಿ ಉಳಿದಿತ್ತು! ಅಷ್ಟು ವರ್ಷ ಹಾಸಿಗೆಯಲ್ಲಿದ್ದವರ ಮೈಮೇಲೆ ಹಾಸಿಗೆಹುಣ್ಣು ಇರಲಿಲ್ಲ. ಮನೆಯಲ್ಲಿ ಮಲಗಿದ ಹಿರಿಯರನ್ನು ನೋಡಿಕೊಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೀರ್ಪು ಬಂದದ್ದು 2011ರ ಮಾರ್ಚ್ 7ರಂದು. ಆಗ ನಮ್ಮ ಅಧ್ಯಾಪಕರ ಕೋಣೆಯಲ್ಲಿ ಎರಡು ಪಕ್ಷಗಳಾದವು. ವಿರಾನಿಯವರಿಗೆ ಹೃದಯವಿಲ್ಲವೆಂದರು ಕೆಲವರು. ದಾದಿಯರಿಗೆ ಮಮಕಾರದ ಹಟವೆಂದರು ಇನ್ನು ಕೆಲವರು. ನಾನು ಎರಡನೆಯ ಪಕ್ಷದಲ್ಲಿದ್ದೆ. ಅರ್ಜಿ ವಜಾ ಆದುದಕ್ಕೆ ದಾದಿಯರು ಸಿಹಿ ಹಂಚಿದರೆಂದು ಓದಿ, ಇದೆಂಥ ಸಂಭ್ರಮ ಎಂದು ಒರಟಾಗಿಯೇ ಆಡಿದ್ದೆ. ತೀರ್ಪನ್ನು ಪೂರ್ತಿ ಓದದೆ ಆಡಿದ ಮಾತದು. ಪರೀಕ್ಷೆಯಲ್ಲಿ ಪ್ರಶ್ನೆ ಓದದೆ ಉತ್ತರ ಬರೆಯುತ್ತೀರೆಂದು ನಿಮ್ಮನ್ನೆಲ್ಲ ಗದರಿದವನು ನಾನೇ ಎಂಬುದು ನಿಮಗೆ ನೆನಪಿರಬಹುದು.

ಆಮೇಲೆ ಓದಿದೆ. ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಅವರ ಪೀಠ, ದಯೆ ಯಾರಿಗೆ ಹೆಚ್ಚೆಂದು ತೂಗಲು ಹೋಗಿರಲಿಲ್ಲ. ಮಾತನಾಡಲಾರದ ಈಕೆಯ ಪರವಾಗಿ ಮಾತನಾಡುವವರು ಯಾರು? ಪುಸ್ತಕ ಬರೆದವರಲ್ಲ, ದಿನವೂ ಮೈ ಒರೆಸಿ ತುತ್ತು ಉಣಿಸಿದವರು ಎಂದಿತು ಪೀಠ. ಮುಂದೊಂದು ದಿನ ಅವರ ಮನಸ್ಸು ಬದಲಾದರೆ ಬಾಂಬೆ ಹೈಕೋರ್ಟಿಗೆ ಹೋಗುವ ದಾರಿಯನ್ನೂ ತೆರೆದಿಟ್ಟಿತು. ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಲು ಹೈಕೋರ್ಟಿನ ಒಪ್ಪಿಗೆಯೊಡನೆ ಅವಕಾಶವೆಂದು ದೇಶಕ್ಕೆಲ್ಲ ನಿಯಮ ಮಾಡಿದ್ದೂ ಇದೇ ತೀರ್ಪು. ಹಾಗೆ ನೋಡಿದರೆ ವಿರಾನಿಯವರು ಸೋತ ಮೊಕದ್ದಮೆಯಿಂದಲೇ ಉಳಿದವರಿಗೆ ದಾರಿಯಾಯಿತು. ಅವರನ್ನು ಹೃದಯಹೀನರೆಂದವರೂ ನನ್ನಂತೆಯೇ ಓದದೆ ಆಡಿದವರು.

ಆದರೂ ಒಂದು ಕೊರತೆ ಉಳಿಯಿತು. ಎರಡೂ ಪಕ್ಷದವರು ಅರುಣಾ ಅವರ ಹೆಸರಿನಲ್ಲಿ ವಾದಿಸಿದರು. ಅವರ ಸ್ವಂತ ಮಾತು ಎಲ್ಲಿಯೂ ಇರಲಿಲ್ಲ. ಇಪ್ಪತ್ತೈದರ ಹುಡುಗಿ ಇಂಥದ್ದನ್ನೆಲ್ಲ ಬರೆದಿಡುವಳೇ? 2015ರ ಮೇ 18ರಂದು ನ್ಯುಮೋನಿಯಾದಿಂದ, ಅದೇ ಆಸ್ಪತ್ರೆಯಲ್ಲಿ, ಅವರು ತೀರಿಕೊಂಡರು.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಪ್ರಜ್ಞೆ ಇರುವಾಗಲೇ ಬರೆದಿಡುವ ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು. 2023ರಲ್ಲಿ ಕ್ರಮ ಸರಳವಾಯಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ನಮ್ಮ ರಾಜ್ಯ ಸರಕಾರ 2025ರ ಜನವರಿ 30ರಂದು ಇದರ ಜಾರಿಗೆ ಆದೇಶ ಹೊರಡಿಸಿತು. ಅದಕ್ಕಾಗಿ ವರ್ಷಗಟ್ಟಲೆ ಪತ್ರ ಬರೆದವರು ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು. ನಮ್ಮ ವೃತ್ತಿಯವರೆಂದು ನನಗೊಂದು ಸಣ್ಣ ಹೆಮ್ಮೆ.

ಕಳೆದ ರಜೆಗೆ ಮಕ್ಕಳು ಬಂದಾಗ, ನಾನೂ ಅಂಥದೊಂದು ಪತ್ರ ಬರೆದಿಡಬೇಕೆಂದಿದ್ದೇನೆ ಎಂದೆ. ಮಗಳು, "ಅಪ್ಪಯ್ಯ, ಊಟದ ಹೊತ್ತಿಗೆ ಅದೆಲ್ಲ ಬೇಡ" ಎಂದು ಮಾತು ತಿರುಗಿಸಿದಳು. ಕರಡು ಮೇಜಿನ ಖಾನೆಯಲ್ಲಿದೆ. ಸಾಕ್ಷಿಗಳ ಹೆಸರಿನ ಜಾಗ ಇನ್ನೂ ಖಾಲಿ.