ಇಳಿವಯಸ್ಸಿನ ಬೆರಳು ಮತ್ತು ಕನ್ನಡ ಬ್ರೈಲ್: ರೋಣ, ನರಗುಂದ, ಗಜೇಂದ್ರಗಡದ ಸಂದರ್ಭದಲ್ಲಿ

ಗದಗ ಸೀಮೆಯಲ್ಲಿ ಅಂಧರ ಶಿಕ್ಷಣ ಎಂದರೆ ಮೊದಲು ನೆನಪಾಗುವುದು ವೀರೇಶ್ವರ ಪುಣ್ಯಾಶ್ರಮ. ಅಲ್ಲಿ ಸಂಗೀತ ಕಲಿಸಿದ ಪಂಚಾಕ್ಷರಿ ಗವಾಯಿಗಳು (1892–1944) ಹುಟ್ಟುಕುರುಡರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಆ ಪರಂಪರೆ ಬೆಳೆದದ್ದು ಎಳೆಯರನ್ನು ನಂಬಿ. ರೋಣ, ನರಗುಂದ, ಗಜೇಂದ್ರಗಡದ ಕಡೆ ಅರವತ್ತು ದಾಟಿದ ಮೇಲೆ ಗ್ಲಾಕೋಮಾದಿಂದಲೋ ಸಕ್ಕರೆ ಕಾಯಿಲೆಯಿಂದಲೋ ದೃಷ್ಟಿ ಹೋದ ರೈತ, ನೇಕಾರ, ನಿವೃತ್ತ ಮಾಸ್ತರರ ಪ್ರಶ್ನೆಯೇ ಬೇರೆ: ಆ ವಯಸ್ಸಿನಲ್ಲಿ ಬ್ರೈಲ್ ಕಲಿಯುವುದು ಹೇಗೆ? (ಕಣ್ಣಿಗೆ ಪೊರೆ ಬಂದವರನ್ನು ಇಲ್ಲಿ ಸೇರಿಸಿಲ್ಲ. ಅವರಿಗೆ ಬೇಕಾದದ್ದು ಶಸ್ತ್ರಚಿಕಿತ್ಸೆ.)

ಬ್ರೈಲಿನ ಮನೆ ಎಂದರೆ ಆರು ಚುಕ್ಕಿಗಳ ಜಾಗ. ಆ ಮನೆಯೊಳಗೆ ಚುಕ್ಕಿಯಿಂದ ಚುಕ್ಕಿಗೆ ಸುಮಾರು 2.5 ಮಿ.ಮೀ., ಮನೆಯಿಂದ ಮನೆಗೆ ಸುಮಾರು 6 ಮಿ.ಮೀ. ಅಂತರ. ವಯಸ್ಸಾದಂತೆ ಬೆರಳತುದಿ ಮಂದವಾಗುತ್ತದೆ. ಅಕ್ಷಿಪಟಲವನ್ನು ಕೆಡಿಸಿದ ಸಕ್ಕರೆ ಕಾಯಿಲೆ ಬೆರಳಿನ ನರಗಳನ್ನೂ ಬಿಡದಿರಬಹುದು. ಕುರ್ಚಿಗಿ, ಕುಂಟೆ ಹಿಡಿದ ಕೈಯಾದರೆ ಚರ್ಮವೂ ದಡ್ಡುಗಟ್ಟಿರುತ್ತದೆ. ಹಾಗಾದರೆ ಚುಕ್ಕಿಗಳನ್ನೇ ದೊಡ್ಡದು ಮಾಡೋಣ ಎನ್ನುವುದು ಸಹಜ. ಆದರೆ ಮನೆ ಬೆರಳತುದಿಗಿಂತ ದೊಡ್ಡದಾದರೆ ಅಕ್ಷರ ಒಂದೇ ಸ್ಪರ್ಶಕ್ಕೆ ಸಿಗುವುದಿಲ್ಲ, ಚುಕ್ಕಿ ಎಣಿಸಬೇಕಾಗುತ್ತದೆ. ಅಳಗುಳಿ ಮಣೆಯಲ್ಲಿ ಆರು ಗುಳಿ ಆರಿಸಿ ಕಡಲೆಕಾಳು ಇಟ್ಟು ಕಲಿಸಿದರೆ ಚುಕ್ಕಿಯ ಸ್ಥಾನ ಬಾಯಿಪಾಠವಾದೀತು, ಬೆರಳು ಪಳಗುವುದಿಲ್ಲ. ಮನೆಯ ಅಳತೆಯನ್ನು ಹಾಗೇ ಉಳಿಸಿ, ಮನೆಗಳ ಮತ್ತು ಸಾಲುಗಳ ನಡುವಿನ ಜಾಗವನ್ನಷ್ಟೇ ಹಿಗ್ಗಿಸುವುದು ನನಗೆ ಹೆಚ್ಚು ಸರಿ ಕಾಣುತ್ತದೆ.

ಬೆರಳಿಗಿಂತ ದೊಡ್ಡ ತೊಡಕು ನೆನಪಿನದು. 1951ರ ಒಪ್ಪಂದದಿಂದ ರೂಪುಗೊಂಡ ಭಾರತಿ ಬ್ರೈಲ್‌ನಲ್ಲಿ ಕಾಗುಣಿತವಿಲ್ಲ: ‘ಕಿ’ ಎಂದರೆ ‘ಕ’, ಅದರ ಪಕ್ಕ ‘ಇ’. ಒತ್ತಕ್ಷರ ಕೆಳಗಿಳಿಯುವುದಿಲ್ಲ, ‘ಕನ್ನಡ’ದಲ್ಲಿ ಕ, ಒತ್ತಿನ ಸೂಚನೆಯಾಗಿ ನಾಲ್ಕನೆಯ ಚುಕ್ಕಿ, ಎರಡು ನ, ಕೊನೆಗೆ ಡ, ಹೀಗೆ ಐದು ಮನೆ. ಹುಟ್ಟಿನಿಂದ ಕಾಣದ ಮಗುವಿಗೆ ಇದೇ ಮೊದಲ ಅಕ್ಷರ. ಐವತ್ತು ವರ್ಷ ಪತ್ರಿಕೆ ಓದಿದ ಮಾಸ್ತರರಿಗೆ ತಮ್ಮ ಕಾಗುಣಿತ ಬಿಡಿಸಿಟ್ಟಂತೆ ತೋರುತ್ತದೆ. 1845ರಲ್ಲಿ ವಿಲಿಯಂ ಮೂನ್ ರೋಮನ್ ಅಕ್ಷರಗಳ ರೂಪವನ್ನೇ ಸರಳಗೊಳಿಸಿ ಉಬ್ಬುಲಿಪಿ ಮಾಡಿದ್ದು ಇಂಥ ಹಿರಿಯರಿಗೂ ಒದಗಿತು. ಕನ್ನಡಕ್ಕೆ ಆ ದಾರಿ ಕಷ್ಟ: ಪ, ಫ, ಷ ಬೇರಾಗುವುದು ಒಂದು ಸಣ್ಣ ಗೆರೆಯಿಂದ.

ಆದ್ದರಿಂದ ಬ್ರೈಲ್ ಬರೆಯುವ ಸ್ಲೇಟು, ಮೊಳೆ ಕೊಡುವ ಮುನ್ನ ಓದು ಬರಲಿ. ಬಲದಿಂದ ಎಡಕ್ಕೆ ಚುಚ್ಚಿ ಎಡದಿಂದ ಬಲಕ್ಕೆ ಓದುವ ತಿರುವುಮುರುವು ಇವರಿಗೆ ಆಮೇಲಿನ ಮಾತು. ಪಾಠ ಅಕಾರಾದಿಯಾಗಿ ಇರಬೇಕಿಲ್ಲ. ಬೆಳಗಿನ ಮಾತ್ರೆಯ ಡಬ್ಬಿಗೆ ‘ಬ’, ರಾತ್ರಿಯದಕ್ಕೆ ‘ರ’ ಅಂಟಿಸಿ ಶುರು ಮಾಡಬಹುದು. ತಿಂಗಳೊಳಗೆ ಡಬ್ಬಿ ಅದಲುಬದಲಾಗದಿದ್ದರೆ ಆ ಓದುಗ ಮುಂದಿನ ಅಕ್ಷರಕ್ಕೆ ಸಿದ್ಧ.